ಗಾಡಿದಾರಿ ಬಿಡಿಸಿದ ವೈನಿ

ಯಾರು ಎಂಥ ತಕರಾರು ತಂದರೂ ನಮ್ಮೂರ ಸರಪಂಚ ವೈನಿ ಅದನ್ನು ಕೂತು ಕೇಳುತ್ತಿರಲಿಲ್ಲ. ಪಂಚಾಯತಿ ಆಫೀಸಿನ ಕುರ್ಚಿಯಿಂದ ಎದ್ದು, ಸೆರಗು ಸೊಂಟಕ್ಕೆ ಸಿಗಿಸಿ, "ನಡೀರಿ, ನೋಡೂಣು" ಅನ್ನುತ್ತಿದ್ದರು. ಬದು ಒತ್ತಿದ್ದಾನೆಂದು ಅಣ್ಣನ ಮೇಲೆ ತಮ್ಮ ಬಂದರೂ ಅದೇ ಮಾತು. ಹೊಲಕ್ಕೆ ಹೋಗುವ ದಾರಿಗೆ ಮುಳ್ಳು ಬಡಿದಿದ್ದಾರೆಂದು ಯಾರೋ ಅಳುತ್ತ ಬಂದರೂ ಅದೇ ಮಾತು. ಬಿಸಿಲಿರಲಿ ಮಳೆಯಿರಲಿ, ವೈನಿ ಮುಂದೆ, ಜಗಳ ತಂದವರು ಹಿಂದೆ. ಹೊಲ ಮುಟ್ಟುವಷ್ಟರಲ್ಲಿ ಅರ್ಧ ಜಗಳ ಏದುಸಿರಿನಲ್ಲೇ ಮುಗಿದಿರುತ್ತಿತ್ತು.

ಒಮ್ಮೆ ಉಮರ್ಗಾದಿಂದ ಹೊಲಗಳ ಲೆಕ್ಕ ಬರೆಯುವ ಹೊಸ ತಲಾಠಿ ಬಂದಿದ್ದ. ಚಲೋ ಬೂಟು ಹಾಕಿಕೊಂಡಿದ್ದ ಹುಡುಗ. ಹಿಂದಿನ ದಿನ ಮಳೆಯಾಗಿತ್ತು. ನಮ್ಮ ಕರಿ ಎರಿ ಮಣ್ಣು ಗೊತ್ತಲ್ಲ, ಕಾಲಿಟ್ಟರೆ ಬಿಡುವುದಿಲ್ಲ. ಅರ್ಧ ದಾರಿಯಲ್ಲಿ ಅವನ ಒಂದು ಬೂಟು ಕೆಸರಿನಲ್ಲೇ ಉಳಿಯಿತು. ವೈನಿ ಬಗ್ಗಿ, ಮೊಣಕೈತನಕ ಕೈ ಹಾಕಿ ಬೂಟು ಕಿತ್ತು, ಅವನ ಕೈಗೆ ಕೊಟ್ಟು, ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸಿದರು. "ಹಾಂ, ಏನಂತಿದ್ದೆ, ಈ ಬದು ಮೊದಲ ಆ ಹುಣಸಿಗಿಡದ ಬಾಜೂಕ ಇತ್ತು." ಆ ತಲಾಠಿ ಬದಲಿಯಾಗಿ ಹೋಗುವತನಕ ನಮ್ಮೂರಿಗೆ ಬರುವಾಗ ಚಪ್ಪಲಿಯನ್ನೇ ಮೆಟ್ಟಿಕೊಂಡು ಬಂದ.

ವೈನಿ ತೀರಿಕೊಂಡ ಮೇಲೆ ಪಂಚಾಯತಿ ಅಂಗಳದಲ್ಲಿ ಶೋಕಸಭೆ ಮಾಡಿದರು. ಎಲ್ಲರೂ ಮಾತಾಡಿದರು. "ಅಂಗನವಾಡಿ ಬಾಯಿ, ನೀವು ಅವ್ರ ಜೋಡಿ ಭಾಳ ಇದ್ದವ್ರು, ನಾಕು ಮಾತು ಹೇಳ್ರಿ" ಅಂತ ನನಗೂ ಮೈಕು ಕೊಟ್ಟರು. ನಾನು ಮೈಕು ಹಿಡಿದುಕೊಂಡು ನಿಂತೆ. ಮಾತು ಬರಲಿಲ್ಲ. ದುಃಖಕ್ಕೆ ಹೀಗಾಗಿದೆ ಅಂತ ಮಂದಿ ತಿಳಿದುಕೊಂಡರು. ಎದುರಿಗೆ ಅವರ ಮಗ ಕೂತಿದ್ದ. ಅವನ ಮುಂದೆ ಹೇಳಬಾರದ ಮಾತೊಂದು ನನ್ನ ಹತ್ತಿರ ಇತ್ತು.

ಅವರು ನನಗೆ ಸಂಬಂಧದಲ್ಲಿ ವೈನಿ, ಅಂದರೆ ಅತ್ತಿಗೆ, ಅಲ್ಲ. ಅವರ ಗಂಡನನ್ನು ನಮ್ಮವರು ಅಣ್ಣಾ ಅನ್ನುತ್ತಿದ್ದರು, ಹಾಗಾಗಿ ನನಗೆ ವೈನಿ ಆದರು. ನಮ್ಮಿಬ್ಬರದೂ ತವರು ಗಡಿಯ ಆಚೆ, ಕನ್ನಡ ಸೀಮೆಯಲ್ಲಿ. ಅವರದು ಆಳಂದದ ಕಡೆ, ನನ್ನದು ಭಾಲ್ಕಿಯ ಕಡೆ. ಇಬ್ಬರೂ ಕನ್ನಡ ಸಾಲೆ ಕಲಿತು ಮುರುಮದ ಹತ್ತಿರದ ಈ ಊರಿಗೆ ಸೊಸೆಯರಾಗಿ ಬಂದವರು. ಇಲ್ಲಿ ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ಮರಾಠಿ, ಜಗಳಕ್ಕೆ ಎರಡೂ. ವೈನಿಯ ಮರಾಠಿ ಕಡೆಯತನಕ ಸುಧಾರಿಸಲಿಲ್ಲ. ತಹಸೀಲ ಆಫೀಸಿನಲ್ಲಿ ಅವರು ಮಾತು ಶುರು ಮಾಡಿದರೆ ಕಾರಕೂನರು ಮುಖ ತಿರುಗಿಸಿ ನಗುತ್ತಿದ್ದರು. ವೈನಿ ಬೇಜಾರಾಗುತ್ತಿರಲಿಲ್ಲ. "ನಗ್ರಿ ಸಾಹೇಬ್ರ, ನಕ್ಕಾದ ಮ್ಯಾಲ ಸಹಿ ಮಾಡ್ರಿ" ಅಂತ ಕಾಗದ ಮುಂದಿಡುತ್ತಿದ್ದರು.

ಸರಪಂಚ ಸೀಟು ಹೆಂಗಸರಿಗೆ ಮೀಸಲಾದಾಗ ಅವರ ಮೈದುನ ವೈನಿಯನ್ನು ನಿಲ್ಲಿಸಿದ. ವಿಧವೆ, ಮನೆತನ ದೊಡ್ಡದು, ಮಾತು ಕಡಿಮೆ. ಹೆಸರು ಅತ್ತಿಗೆಯದು, ಕಾರಭಾರ ತನ್ನದು ಅಂತ ಅವನ ಲೆಕ್ಕ. ಮೊದಮೊದಲು ಹಾಗೇ ನಡೆಯಿತು. ಸರಪಂಚರ ಕುರ್ಚಿಯಲ್ಲಿ ಮೈದುನ ಕೂಡುತ್ತಿದ್ದ, ವೈನಿ ಗೋಡೆಯ ಹತ್ತಿರದ ಬಾಕಿನ ಮೇಲೆ. ಒಂದು ದಿನ ವೈನಿ ಅವನಿಗಿಂತ ಮೊದಲೇ ಬಂದು ಕುರ್ಚಿಯಲ್ಲಿ ಕೂತು, ಟೇಬಲ್ಲಿನ ಮೇಲೆ ಬುತ್ತಿ ಬಿಚ್ಚಿಕೊಂಡು ರೊಟ್ಟಿ ಉಣ್ಣುತ್ತಿದ್ದರು. ಮೈದುನ ಬಾಗಿಲಲ್ಲೇ ನಿಂತ. "ಬಾ ತಮ್ಮಾ, ಕುಂಡ್ರು" ಅಂತ ಬಾಕು ತೋರಿಸಿ ಅವನ ಕೈಗೂ ಅರ್ಧ ರೊಟ್ಟಿ ಕೊಟ್ಟರು. ಉಣ್ಣುವವರನ್ನು ಎಬ್ಬಿಸುವುದು ಹೇಗೆ? ಅಂವಾ ರೊಟ್ಟಿ ತಿಂದು ಎದ್ದು ಹೋದ. ಆಮೇಲೆ ಆ ಕುರ್ಚಿಯ ಕಡೆ ಬರಲಿಲ್ಲ.

ನಮ್ಮ ಕಡೆ ನಿಜಾಮನ ಕಾಲದಿಂದಲೂ ಊರಿನಿಂದ ಹೊಲಗಳಿಗೆ ಗಾಡಿದಾರಿಗಳಿವೆ. ಊರ ನಕಾಶೆಯಲ್ಲಿ ಅವೆಲ್ಲ ಇವೆ, ಆದರೆ ನೆಲದ ಮೇಲೆ ಬಹಳಷ್ಟು ಇಲ್ಲ. ವರ್ಷಕ್ಕೊಂದು ಸಾಲು ನೇಗಿಲು ಒಳಗೆ ಸರಿದರೆ ಸಾಕು, ಗಾಡಿದಾರಿ ಕಾಲುದಾರಿಯಾಗುತ್ತದೆ, ಕಾಲುದಾರಿ ಬದುವಾಗುತ್ತದೆ. ಸರ್ಕಾರದಿಂದ ಪಾಣಂದ ರಸ್ತೆಯ ಯೋಜನೆ ಬಂತು. ಹಳೆ ಗಾಡಿದಾರಿಗಳನ್ನು ಬಿಡಿಸಿ, ಮೊರಮ್ ಗರಸು ಹಾಕಿ, ಟ್ರ್ಯಾಕ್ಟರು ಹೋಗುವಂತೆ ಮಾಡುವುದು. ಯಾವ ದಾರಿ ಮೊದಲು, ಯಾವುದು ಆಮೇಲೆ ಎಂದು ಊರೇ ಗ್ರಾಮಸಭೆಯಲ್ಲಿ ಗೊತ್ತು ಮಾಡಿ ಕಳಿಸಬೇಕು. ದಾರಿ ಒತ್ತಿದವರು ಒಪ್ಪಿ ಬಿಟ್ಟುಕೊಟ್ಟರೆ ಚಲೋ, ಇಲ್ಲದಿದ್ದರೆ ತಹಸೀಲದಾರರ ಕಡೆ ಹೋಗಬೇಕು. ತಹಸೀಲದಾರರ ಕಡೆ ಹೋದದ್ದು ಮೊಮ್ಮಕ್ಕಳ ಕಾಲಕ್ಕೆ ಮುಗಿಯುತ್ತದೆ.

ವೈನಿ ಯಾರನ್ನೂ ತಹಸೀಲಿಗೆ ಕಳಿಸಲಿಲ್ಲ. ದಾರಿ ಒತ್ತಿದವರ ಹೊಲಕ್ಕೇ ಹೋಗಿ, ಬದುವಿನ ಮೇಲೆ ಕೂತು, ಮೊದಲು ನೀರು ಕೇಳುತ್ತಿದ್ದರು. ಆಮೇಲೆ ಮಗಳ ಮನೆಯ ಸುದ್ದಿ, ಎಮ್ಮೆಯ ಸುದ್ದಿ. ಮಾತಾಡುತ್ತ ಅವರ ಹೊಲದ ಕಸ ಕೀಳುತ್ತಿದ್ದರು. ಎದ್ದು ಹೊರಡುವಾಗ, ಮರೆತದ್ದು ನೆನಪಾದವರಂತೆ, "ಮತ್ತ ದಾರಿದೇನು ಮಾಡೂಣು?" ಅನ್ನುತ್ತಿದ್ದರು. ತಮ್ಮ ಹೊಲದ ಕಸ ಕಿತ್ತವರಿಗೆ ಒಮ್ಮೆಲೇ ಇಲ್ಲ ಅನ್ನಲು ಮಂದಿಗೆ ನಾಚಿಕೆ ಆಗುತ್ತಿತ್ತು.

ಲೋಹಾರಾದ ರಸ್ತೆ ಕಡೆಯ ದಾರಿಯಲ್ಲಿ ಒಬ್ಬ ಮುದುಕ ಮಾತ್ರ ಜಗ್ಗಲಿಲ್ಲ. ದಾರಿಯ ನಡುವೆ ಅವನ ಬೇವಿನ ಗಿಡ ಇತ್ತು. ಸತ್ತ ಹೆಂಡತಿ ಹಚ್ಚಿದ ಗಿಡ. ಜೆಸಿಬಿ ಬಂದಾಗ ಮುದುಕ ಬುಡಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟ. ವೈನಿ ಅವನ ಬಾಜೂಕ ಕೂತು ಸ್ವಲ್ಪ ಹೊತ್ತು ಗಿಡ ನೋಡಿದರು. ಆಮೇಲೆ ಡ್ರೈವರನಿಗೆ, "ಈ ಕಡಿಂದ ಸುತ್ತ ಹಾಕ್ಕೊಂಡು ಹೋಗಪ್ಪಾ. ರಸ್ತಾ ಸೊಟ್ಟ ಆದ್ರ ಯಾರೂ ಸಾಯಂಗಿಲ್ಲ" ಅಂದರು. ಆ ದಾರಿ ಈಗಲೂ ಅಲ್ಲಿ ಸೊಟ್ಟಗೇ ಇದೆ.

ಇನ್ನು ನಮ್ಮ ದಾರಿ. ನಮ್ಮ ಮನೆ ಊರೊಳಗಿಲ್ಲ, ದೂರ ಹಳ್ಳದ ದಂಡೆಯ ಹೊಲದಲ್ಲಿದೆ. ನಮ್ಮಂಥವೇ ಇನ್ನೂ ಕೆಲವು ಮನೆಗಳು ಅಲ್ಲಿವೆ. ಊರಿನಿಂದ ಹಳ್ಳದ ದಂಡೆ ಹಿಡಿದು ಬರುವ ಗಾಡಿದಾರಿ ವೈನಿಯ ಮಾವನ ಹೊಲದಲ್ಲಿ ಒಂದು ಕಡೆ ಬಹಳ ಇಕ್ಕಟ್ಟಾಗುತ್ತದೆ. ಒಂದು ಬದಿಗೆ ಅವರ ಬಾವಿ, ಇನ್ನೊಂದು ಬದಿಗೆ ಹಳ್ಳದ ಕಡಿದಾದ ದಂಡೆ. ನಡುವೆ ಒಂದು ಗಾಡಿ ಹಾಯುವಷ್ಟೇ ಜಾಗ. ವೈನಿಯ ಗಂಡ ತುರೋರಿಯ ಹತ್ತಿರ ಹೈವೇದಲ್ಲಿ ಲಾರಿ ಬಡಿದು ಸತ್ತಾಗ ಅವರನ್ನು ಈ ಇಕ್ಕಟ್ಟಿನ ಜಾಗದಲ್ಲೇ ಮಣ್ಣು ಮಾಡಿದರು. ನಮ್ಮಲ್ಲಿ ಸತ್ತವರನ್ನು ತಮ್ಮ ಹೊಲದಲ್ಲೇ ಇಡುವುದು ರೂಢಿ. ಮೇಲೆ ಕಲ್ಲಿನ ಗದ್ದಿಗಿ ಕಟ್ಟಿಸಿದರು, ಎರಡೂ ಕಡೆ ಮುಳ್ಳುಬೇಲಿ ಹಾಕಿದರು. ಗದ್ದಿಗಿಯ ಮೇಲೆ ಗಾಡಿ ಹೊಡೆಯಿರಿ ಅಂತ ಯಾರು ಕೇಳುತ್ತಾರೆ? ಊರು ಸುಮ್ಮನಾಯಿತು. ನಾವು ಹಳ್ಳಕ್ಕಿಳಿದು ಸುತ್ತು ಹಾಕಿ ಹೋಗುವುದನ್ನು ರೂಢಿ ಮಾಡಿಕೊಂಡೆವು. ಬೇಸಿಗೆಯಲ್ಲಿ ನಡೆಯುತ್ತಿತ್ತು, ಮಳೆಗಾಲದಲ್ಲಿ ದೇವರೇ ಗತಿ.

ನನ್ನ ಮೊದಲ ಹೆರಿಗೆ ಬಂದದ್ದು ಮಳೆಗಾಲದಲ್ಲಿ. ಗಾಡಿಯಲ್ಲಿ ಮಲಗಿಸಿಕೊಂಡು ಹೊರಟರು. ಹಳ್ಳ ತುಂಬಿ ಹರಿಯುತ್ತಿತ್ತು, ಕೆಳಗಿನ ಊರಿನತನಕ ಸುತ್ತಿ ಹೋಗಬೇಕಾಯಿತು. ಕೂಸು ಗಾಡಿಯಲ್ಲೇ ಹುಟ್ಟಿತು. ಹೆಣ್ಣುಕೂಸು. ಉಮರ್ಗಾದ ದವಾಖಾನೆ ಮುಟ್ಟುವತನಕ ಉಳಿಯಲಿಲ್ಲ. ಇಷ್ಟೇ ಹೇಳುತ್ತೇನೆ. ಆಮೇಲೆ ನನಗೆ ಇಬ್ಬರು ಮಕ್ಕಳಾದರು, ಹೆರಿಗೆಗೆ ತಿಂಗಳು ಮೊದಲೇ ನಿಲಂಗಾದಲ್ಲಿರುವ ಅಕ್ಕನ ಮನೆಗೆ ಹೋಗಿ ಕೂಡುತ್ತಿದ್ದೆ.

ವೈನಿ ಊರಿನ ದಾರಿಗಳನ್ನೆಲ್ಲ ಒಂದೊಂದಾಗಿ ಬಿಡಿಸುತ್ತಿದ್ದಾಗ ನಾನು ನಮ್ಮ ದಾರಿಯ ಮಾತು ಎತ್ತಲಿಲ್ಲ. ಎತ್ತುವ ಬಾಯಿ ಯಾರಿಗಿತ್ತು? ಆದರೆ ಗ್ರಾಮಸಭೆಯಲ್ಲಿ ಮುಂದಿನ ವರ್ಷದ ದಾರಿಗಳನ್ನು ಗೊತ್ತು ಮಾಡುವಾಗ ವೈನಿಯೇ ಎದ್ದು ನಿಂತು, "ಮೊದಲ ಹಳ್ಳದ ದಂಡಿ ದಾರಿ" ಅಂದರು.

ಹಿಂದಿನ ಸಾಲಿನಲ್ಲಿ ಅವರ ಮಗ ಎದ್ದು ನಿಂತ. ಅಪ್ಪ ಸತ್ತಾಗ ಅಂವಾ ಇನ್ನೂ ತೊಟ್ಟಿಲಲ್ಲಿದ್ದ. ಈಗ ಮೈತುಂಬ ಬೆಳೆದ ಗಂಡುಮಗ, ಹೊಲವೆಲ್ಲ ಅವನೇ ನೋಡುತ್ತಿದ್ದ. ಯಾರ ಜೋಡಿಯೂ ದನಿ ಎತ್ತಿದವನಲ್ಲ.

"ಆ ಮುದುಕನ ಬೇವಿನ ಗಿಡಕ್ಕ ರಸ್ತಾ ಬಗ್ಗಿಸ್ದಿ, ಅವ್ವಾ. ನಮ್ಮಪ್ಪ ಒಂದು ಗಿಡಕ್ಕಿಂತ ಕಡಿಮಿ ಆದನಾ?"

"ಕಡಿಮಿ ಅಲ್ಲಪ್ಪಾ. ಅಲ್ಲಿ ಬಗ್ಗಸ್ಲಿಕ್ಕ ಜಾಗಾ ಇತ್ತು. ಇಲ್ಲಿ ಒಂದು ಕಡಿ ಬಾವಿ ಅದ, ಒಂದು ಕಡಿ ಹಳ್ಳ ಅದ."

"ಬಾವಿ ಮುಚ್ಚು."

"ಬಾವಿ ನಮ್ಮ ಒಬ್ಬರದಲ್ಲ. ನಿಮ್ಮ ಕಾಕಾನ ಹೊಲಾನೂ ಅದರ ಮ್ಯಾಲೇ ಅದ. ಅಂವಾ ಒಪ್ಪಂಗಿಲ್ಲ. ಕೇಳೀನಿ ನಾ."

ಮಗ ಬಹಳ ಮೆಲ್ಲಗೆ ಹೇಳಿದ. "ನನಗ ಅಪ್ಪನ ಮಾರಿ ನೆನಪಿಲ್ಲ. ನಡೀಲಿಕ್ಕ ಕಲ್ತಾಗಿಂದ ಆ ಕಲ್ಲಿಗಿ ದೀಪಾ ಹಚ್ಚೀನಿ. ನನಗ ಅಪ್ಪ ಅಂದ್ರ ಆ ಕಲ್ಲೇ."

ಸಭೆಯಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. ಆ ದಾರಿ ನಮಗಾಗಿ ಅಂತ ಎಲ್ಲರಿಗೂ ಗೊತ್ತಿತ್ತು. ನಾನು ನೆಲ ನೋಡಿದೆ. ಬ್ಯಾಡ್ರಿ ವೈನಿ, ಇಷ್ಟು ವರ್ಷ ಸುತ್ತು ಹಾಕ್ಕೊಂಡು ಹೋಗೀವಿ, ಇನ್ನ ಮ್ಯಾಲೂ ಹೋಗ್ತೀವಿ ಅನ್ನಬೇಕೆಂದು ಒಂದು ಮನಸ್ಸು. ಆದರೆ ನಮ್ಮ ಸೊಸೆಯೂ ಬರುವವಳಿದ್ದಳು, ಅವಳಿಗೂ ಬಸಿರು-ಬಾಣಂತನ ಇತ್ತು. ದಾರಿ ನನಗೆ ಬೇಕಾಗಿತ್ತು. ಸುಮ್ಮನೇ ಕೂತೆ. ಸಭೆ ಹಳ್ಳದ ದಂಡೆಯ ದಾರಿಯನ್ನೇ ಮೊದಲು ಗೊತ್ತು ಮಾಡಿತು.

ಆ ವಾರದಲ್ಲೇ ಒಂದು ಮಧ್ಯಾಹ್ನ ವೈನಿ ನಮ್ಮ ಮನೆಗೆ ಬಂದರು. ನಾನು ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದೆ. ಹಳ್ಳದೊಳಗಿಂದ ಸುತ್ತಿ ಬಂದಿದ್ದರು, ಕಾಲಿಗೆಲ್ಲ ಕೆಸರು. ಮೊರದ ಇನ್ನೊಂದು ತುದಿ ಹಿಡಿದು ಅವರೂ ಕಲ್ಲು ಆರಿಸತೊಡಗಿದರು.

"ನಿನಗೊಂದು ಮಾತು ಹೇಳಬೇಕಾಗ್ಯದ" ಅಂದರು. "ಗದ್ದಿಗಿ ಅಲ್ಲಿ ಸುಮ್ನ ಆಗಿಲ್ಲ. ಅವ್ರನ್ನ ಎಲ್ಲಿ ಇಡೂದು ಅಂತ ಮಠದ ಅಯ್ಯನವ್ರು ಕೇಳಿದಾಗ ನಮ್ಮ ಮಾವ ಆ ಜಾಗಾ ತೋರಿಸಿದ್ರು. ಇಲ್ಲೇ ಇಡ್ರಿ, ಇನ್ನ ಮ್ಯಾಲ ಯಾರೂ ಈ ದಾರಿ ಕೇಳಂಗಿಲ್ಲ ಅಂದ್ರು. ನಾ ಅಲ್ಲೇ ನಿಂತಿದ್ದೆ, ಕೂಸಿನ್ನ ಎತ್ಕೊಂಡು. ಕೇಳಿಸ್ಕೊಂಡೆ."

ನಾನು ಕೆಲಸ ಬಿಟ್ಟು ಅವರನ್ನು ನೋಡಿದೆ. ಅವರು ತೊಗರಿಯಿಂದ ಕಣ್ಣೆತ್ತಲಿಲ್ಲ.

"ನಿನ್ನ ಹೆರಿಗಿ ದಿನಾನೂ ನಾ ನಮ್ಮ ಬದುವಿನ ಮ್ಯಾಲ ನಿಂತಿದ್ದೆ. ನಿಮ್ಮ ಗಾಡಿ ಕೆಳಗಿನ ಕಡಿ ಹೊಳ್ಳಿದ್ದು ಕಾಣ್ಲಿಕತ್ತಿತ್ತು. ನೀ ಒದರೂದು ಕೇಳ್ಲಿಕತ್ತಿತ್ತು. ಮುಳ್ಳು ಸರಿಸಿದ್ರ ಹೊರಸಿನ ಮ್ಯಾಲ ಎತ್ಕೊಂಡು ಗದ್ದಿಗಿ ಬಾಜೂಕಿಂದ ದಾಟಸಬಹುದಿತ್ತು. ಸರಿಸ್ತೀನ್ರಿ ಅಂದೆ ಮಾವಗ. ಒಂದು ಸಲ ಸರಿಸಿದ್ರ ಮತ್ತ ದಾರಿ ಆಗ್ತದ ಅಂದ್ರು. ನಾ ಸುಮ್ನ ನಿಂತೆ. ಗಾಡಿ ಕಾಣದಂಗ ಆಗೂತನಕ ನಿಂತೆ. ಸಂಜೀಕ ಕೂಸು ಹೋಯ್ತು ಅಂತ ಸುದ್ದಿ ಬಂತು."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇಷ್ಟು ವರ್ಷ ಅದನ್ನು ಮಳೆ ಅಂತ, ಹಣೆಬರಹ ಅಂತ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದೆ. ಅದನ್ನು ಎತ್ತಿ ಬೇರೆ ಕಡೆ ಇಡಲು ನನ್ನಿಂದ ಆಗಲಿಲ್ಲ. ಎದುರಿಗೆ ಕೂತ ಹೆಂಗಸಿನ ಕಾಲಿನ ಕೆಸರು ಒಣಗಿ ಬಿರುಕು ಬಿಡುತ್ತಿತ್ತು. ನೀರು ತಂದು ಕೊಟ್ಟೆ. ಅವರು ಕಾಲು ತೊಳೆದುಕೊಂಡರು.

"ಇದನ್ನ ಮಗನಿಗೆ ಹೇಳ್ರಿ ವೈನಿ" ಅಂದೆ. "ಖರೇ ಸಂಗತಿ ಗೊತ್ತಾದ್ರ ಅಂವಾ ಸುಮ್ನಾಗ್ತಾನ."

"ಬ್ಯಾಡ" ಅಂದರು. "ಅಪ್ಪ ಇಲ್ಲದ ಕೂಸಿನ್ನ ಹೆಗಲ ಮ್ಯಾಲ ಹೊತ್ತು ಬೆಳಸಿದವ್ರು ಮಾವ. ಅಂವಾ ಅಜ್ಜನ್ನ ಬಿಟ್ಟು ಉಂಡವನಲ್ಲ, ಮಲಗಿದವನಲ್ಲ. ಈಗ ಕಲ್ಲು ಕಸ್ಕೊಳ್ಲಿಕತ್ತೀನಿ. ಅಜ್ಜನ್ನೂ ಕಸ್ಕೊಂಡ್ರ ಅವನಿಗಿ ಏನು ಉಳೀತದ? ನನ್ನ ಮ್ಯಾಲ ಸಿಟ್ಟು ಮಾಡ್ಕೊಳ್ಳಿ, ಪರವಾ ಇಲ್ಲ. ನೀನೂ ಹೇಳಬ್ಯಾಡ. ಯಾವತ್ತೂ."

ಹೇಳಂಗಿಲ್ರಿ ಅಂತ ಮಾತು ಕೊಟ್ಟೆ. ಅವತ್ತು ಅದು ದೊಡ್ಡ ಮಾತು ಅನ್ನಿಸಲಿಲ್ಲ. ತಾಯಿ ಮಗ, ನಾಲ್ಕು ದಿನ ಮುನಿಸಿಕೊಂಡು ಸರಿಹೋಗುತ್ತಾರೆ ಅಂದುಕೊಂಡೆ.

ಗದ್ದಿಗಿಗೆ ಏನು ಮಾಡಬೇಕೆಂದು ವೈನಿ ಮಠದ ಅಯ್ಯನವರನ್ನು ಕೇಳಿದರು. ಮಣ್ಣಾದ ದೇಹ ಅಲ್ಲೇ ಇರಲಿ, ಒಂದು ಬುಟ್ಟಿ ಮಣ್ಣು ತೆಗೆದುಕೊಂಡು ಹೊಲದ ಇನ್ನೊಂದು ಕಡೆ ಹೊಸ ಗದ್ದಿಗಿ ಕಟ್ಟು ಅಂದರು ಅವರು. ಕೆಲಸದ ದಿನ ಮಗ ಬರಲಿಲ್ಲ. ಮಾವ ಆಗಲೇ ಹಾಸಿಗೆ ಹಿಡಿದಿದ್ದರು. ಹಳೆ ಗದ್ದಿಗಿಯ ಮೊದಲ ಕಲ್ಲನ್ನು ವೈನಿಯೇ ಎತ್ತಿದರು. ಜೆಸಿಬಿಯವನಿಗೆ, "ಅಲ್ಲಿ ಅಗೀಬ್ಯಾಡಪ್ಪಾ, ಮ್ಯಾಲಿಂದ ಮೊರಮ್ ಹಾಕಿ ಸಪಾಟ ಮಾಡು" ಅಂದರು. ರೋಲರು ಬಂದಾಗ ಮಾತ್ರ ಆ ಕಡೆ ಬೆನ್ನು ಮಾಡಿ, ಬಾವಿಯ ಕಟ್ಟೆಯ ಮೇಲೆ ಕೈಯೂರಿ ನಿಂತರು. ರೋಲರು ಹಾದು ಹೋಗುವತನಕ ತಿರುಗಲಿಲ್ಲ. ನಾನು ಅವರ ಬಾಜೂಕ ಹೋಗಿ ನಿಂತೆ. ವೈನಿ, "ನಿಮ್ಮ ಮನಿ ಮುಂದ ಸ್ವಲ್ಪ ಮೊರಮ್ ಜಾಸ್ತಿ ಹಾಕಸ್ತೀನಿ, ಅಲ್ಲಿ ನೀರು ನಿಲ್ತದ" ಅಂದರು.

ಅವತ್ತೇ ಸಂಜೆ ಮಗ ತನ್ನ ಬಟ್ಟೆ ಎತ್ತಿಕೊಂಡು ಕಾಕಾನ, ಅಂದರೆ ವೈನಿಯ ಆ ಮೈದುನನ, ಮನೆಗೆ ಹೋದ. ಅದೇ ಓಣಿ, ನಾಲ್ಕು ಮನೆ ದಾಟಿ. ಎದುರಿಗೆ ಬಂದರೂ ತಾಯಿಯ ಜೋಡಿ ಮಾತಾಡಲಿಲ್ಲ.

ದಾರಿಯಿಂದ ನಮಗಾದದ್ದು ಹೇಳದಿದ್ದರೆ ತಪ್ಪಾಗುತ್ತದೆ. ಕಬ್ಬಿನ ಟ್ರ್ಯಾಕ್ಟರು ಮನೆಯ ಬಾಗಿಲಿಗೆ ಬರತೊಡಗಿತು. ನಮ್ಮ ಕಡೆಯ ಮನೆಗಳ ಮಕ್ಕಳು ಮಳೆಗಾಲದಲ್ಲೂ ಸಾಲೆಗೆ ಹೋದರು. ಸೊಸೆಯ ಹೆರಿಗೆಗೆ ಅಂಬುಲೆನ್ಸ್ ಅಂಗಳಕ್ಕೇ ಬಂತು, ಮೊಮ್ಮಗಳು ಉದಗೀರದ ದೊಡ್ಡ ದವಾಖಾನೆಯಲ್ಲಿ ಸುಖವಾಗಿ ಹುಟ್ಟಿದಳು. ಪೇಢೆ ಹಿಡಿದುಕೊಂಡು ವೈನಿಯ ಮನೆಗೆ ಹೋದೆ. ಅವರು ಪೇಢೆ ತೆಗೆದುಕೊಂಡು ನನ್ನ ಬಾಯಿಗೂ ಒಂದು ಇಟ್ಟು, "ಕೂಸು ಯಾರಂಗ ಅದ?" ಅಂತ ಕೇಳಿದರು. ಹಿಂದೆ ಗೋಡೆಯ ಗೂಟದಲ್ಲಿ ಮಗನ ಹಳೆಯ ಅಂಗಿ ತೂಗುತ್ತಿತ್ತು. ಒಗೆದು, ಮಡಿಕೆ ಮಾಡಿ ಮತ್ತೆ ಅಲ್ಲೇ ಹಾಕಿದ್ದರು. ಅವರ ಮನೆಯಿಂದ ಎತ್ತಿ ನಮ್ಮ ಮನೆಗೆ ಇಟ್ಟುಕೊಂಡಂತಿತ್ತು ಎಲ್ಲ.

ದಿನಾ ಅಂಗನವಾಡಿಗೆ ನಾನು ಆ ದಾರಿಯಲ್ಲೇ ನಡೆದು ಹೋಗುತ್ತೇನೆ. ಬಾವಿಯ ಹತ್ತಿರ ಬಂದಾಗ ದಂಡೆಯ ಅಂಚಿಗೆ ಸರಿದು ನಡೆಯುತ್ತೇನೆ. ಎಷ್ಟು ಸರಿದರೂ ಅಲ್ಲಿ ಜಾಗ ಇಲ್ಲ.

ಹಾಸಿಗೆ ಹಿಡಿದ ಮಾವನನ್ನು ವೈನಿಯೇ ನೋಡಿಕೊಂಡರು. ಅಜ್ಜನನ್ನು ಕಾಣಲು ಮೊಮ್ಮಗ ಬರುತ್ತಿದ್ದ, ಆದರೆ ತಾಯಿ ಮನೆಯಲ್ಲಿರದ ಹೊತ್ತು ನೋಡಿ. ಅದು ತಿಳಿದ ಮೇಲೆ ವೈನಿ ದಿನಾ ಅದೇ ಹೊತ್ತಿಗೆ ಹೊಲಕ್ಕೆ ಹೊರಡತೊಡಗಿದರು. ಕೆಲಸ ಇರಲಿ ಬಿಡಲಿ, ಹೋಗಿ ಬದುವಿನ ಮೇಲೆ ಕೂಡುತ್ತಿದ್ದರು. ಮನೆಯಲ್ಲಿ ಒಂದು ತಾಟಿನಲ್ಲಿ ರೊಟ್ಟಿ-ಪಲ್ಲೆ ಮುಚ್ಚಿಟ್ಟು ಬರುತ್ತಿದ್ದರು. ತಿರುಗಿ ಹೋಗಿ ತಾಟು ನೋಡುತ್ತಿದ್ದರು. "ಇವತ್ತ ಉಂಡಾನ" ಅಂತಲೋ "ಇವತ್ತ ಮುಟ್ಟಿಲ್ಲ" ಅಂತಲೋ ಮರುದಿನ ನನಗೆ ಹೇಳುತ್ತಿದ್ದರು. ಊರ ಕಾರಭಾರದಲ್ಲಿ ಯಾರ ಮನೆಯ ಬಾಗಿಲಿಗಾದರೂ ಹೋಗಿ ನಿಲ್ಲುತ್ತಿದ್ದ ಹೆಂಗಸು ಆ ನಾಲ್ಕು ಮನೆ ದಾಟಿ ಹೋಗಲಿಲ್ಲ.

"ನಾನರ ಅವನಿಗಿ ಒಂದು ಮಾತು ಹೇಳ್ತೀನ್ರಿ" ಅಂತ ಎಷ್ಟೋ ಸಲ ಕೇಳಿದೆ. "ಮಾತು ಕೊಟ್ಟೀದಿ" ಅನ್ನುತ್ತಿದ್ದರು, ಅಷ್ಟೇ. ಮಾವ ತೀರಿಕೊಂಡ ಮೇಲೂ ಕೇಳಿದೆ. "ಸತ್ತವ್ರ ಮ್ಯಾಲ ಹೇಳೂದು ಇನ್ನೂ ಕೆಟ್ಟದ್ದು" ಅಂದರು.

ಸರಪಂಚಗಿರಿ ಮುಗಿಯಿತು. ಆಮೇಲೂ ಮಂದಿ ದಾರಿಯ ತಕರಾರು ಹಿಡಿದುಕೊಂಡು ಅವರ ಮನೆಗೇ ಬರುತ್ತಿದ್ದರು, ವೈನಿ ಎದ್ದು ಹೋಗುತ್ತಲೇ ಇದ್ದರು. ನಡಿಗೆ ಮಾತ್ರ ನಿಧಾನವಾಗಿತ್ತು. ಹೋದ ವರ್ಷ ಹೊಟ್ಟೆಯ ಬ್ಯಾನಿ ಶುರುವಾಯಿತು. ಬಹಳ ದಿನ ಯಾರಿಗೂ ಹೇಳಲಿಲ್ಲ. ಉಮರ್ಗಾದ ದವಾಖಾನೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಕೈಮೀರಿತ್ತು. ಜೊತೆಗೆ ನಾನಿದ್ದೆ.

ಎರಡನೆಯ ದಿನ ಮಗ ಬಂದ. ಒಳಗೆ ಬರಲಿಲ್ಲ, ಗೇಟಿನ ಹತ್ತಿರದ ಚಹಾದ ಗಾಡಿಯ ಬಾಕಿನ ಮೇಲೆ ಕೂತ. ನಾನು ಒಳಗೆ ಹೋಗಿ ಹೇಳಿದೆ. "ವೈನಿ, ಮಗ ಬಂದಾನ."

ಅವರು ಕಣ್ಣು ಬಿಟ್ಟರು. "ಒಳಗ ಬರ್ತಾನಂತ?"

ಹೊರಗೆ ಹೋಗಿ ಅವನನ್ನು ಕೇಳಿದೆ. ಅಂವಾ ಕೈಯಲ್ಲಿದ್ದ ಗ್ಲಾಸು ತಿರುಗಿಸುತ್ತ, "ಕರದಾಳೇನ್ರಿ?" ಅಂದ.

ಮತ್ತೆ ಒಳಗೆ ಬಂದೆ. "ಕರೀರಿ ವೈನಿ. ಒಂದು ಮಾತು ಅಂದ್ರ ಬರ್ತಾನ."

"ನಾ ಕರದ್ರ ಸಾಯೂಕಿ ಕರದಾಳ ಅಂತ ಬರ್ತಾನ" ಅಂದರು. "ತಾನಾಗಿ ಬರ್ಲಿ."

ಆ ದಿನವೆಲ್ಲ ನಾನು ಗೇಟಿಗೂ ಮಂಚಕ್ಕೂ ಓಡಾಡಿದೆ. ಇಬ್ಬರ ನಡುವೆ ಹೇಳಬೇಕಾದ ಮಾತು ನನ್ನ ಬಾಯಲ್ಲೇ ಇತ್ತು. ಮಾತು ಕೊಟ್ಟಿದ್ದೇನೆ ಅಂತ ನುಂಗಿಕೊಂಡೆ. ಮರುದಿನ ಬೆಳಿಗ್ಗೆ ವೈನಿ ಹೋದರು. ಸುದ್ದಿ ಹೇಳಿದಾಗ ಅಂವಾ ಒಳಗೆ ಬಂದ. ತಾಯಿಯ ಕಾಲ ಹತ್ತಿರ ನಿಂತ, ಮುಟ್ಟಲಿಲ್ಲ.

ಹೊಸ ಗದ್ದಿಗಿಯ ಬಾಜೂಕ ಅವರನ್ನು ಮಣ್ಣು ಮಾಡಿದರು. ಕಾರ್ಯ ಎಲ್ಲ ಮಗನೇ ಮಾಡಿದ, ಒಂದೂ ಬಿಡದೆ.

ಶೋಕಸಭೆಯಾದ ಮೇಲೆ ಒಂದು ದಿನ ಅಂವಾ ನಮ್ಮ ಮನೆಗೆ ಬಂದ. ಮೊದಲ ಸಲ. ಮೋಟರ್‌ಸೈಕಲ್ ತರದೆ ನಡೆದುಕೊಂಡು ಬಂದಿದ್ದ. ಚಹಾ ಮಾಡಿ ಕೊಟ್ಟೆ. ಕೈಯಲ್ಲಿ ಹಿಡಿದುಕೊಂಡೇ ಕೂತ.

"ಕೆಲಸ ಇದ್ದು ಬಂದಿಲ್ಲ ಕಾಕು. ಅವ್ವ ನಿಮ್ಮ ಮುಂದ ಎಲ್ಲಾ ಮಾತಾಡ್ತಿದ್ಳು. ನನಗ ಹೇಳಂತ ಏನರ ಹೇಳ್ಯಾಳೇನು, ಕೇಳೂಣಂತ ಬಂದೆ."

ಇನ್ನು ಯಾರಿಗಾಗಿ ಮುಚ್ಚಿಡಬೇಕು ಅನ್ನಿಸಿತು. "ಹೇಳಬ್ಯಾಡ ಅಂದಿದ್ರಪ್ಪಾ. ಆದ್ರ ಈಗ ಹೇಳ್ತೀನಿ. ನಿಮ್ಮಪ್ಪನ ಗದ್ದಿಗಿ ಅಲ್ಲಿ..."

"ಅದು ಗೊತ್ತದ" ಅಂದ. "ಅಜ್ಜ ಹೇಳ್ಯಾನ, ಸಾಯೂಕಿಂತ ಮೊದಲ. ಯಾಕ ಅಲ್ಲೇ ಕಟ್ಟಿಸ್ದ ಅಂತ. ನಿಮ್ಮ ಕೂಸಿಂದೂ ಹೇಳ್ದ. ಅವ್ವ ಮುಳ್ಳು ಸರಿಸ್ತೀನಿ ಅಂದಾಗ ನಾನೇ ಬ್ಯಾಡಂದೆ ಅಂತ ಹೇಳಿ ಅತ್ತ."

"ಮತ್ತ ಅವ್ವನ ಹತ್ರ ಯಾಕ ಹೋಗ್ಲಿಲ್ಲೋ ಮಾರಾಯಾ?"

"ಆಕಿ ಹೇಳ್ಲಿ ಅಂತ ಕಾಯ್ದೆ" ಅಂದ. "ಈಗ ನೋಡಿದ್ರ ಹೊರಗಿನವ್ರು ನಿಮಗ ಹೇಳ್ಯಾಳ. ಹೊಟ್ಟ್ಯಾಗಿನ ಮಗನಿಗಿ ಹೇಳ್ಲಾರದಷ್ಟು ನಾ ಏನು ಮಾಡಿದ್ದೆ? ನನ್ನ ಮ್ಯಾಲ ನಂಬಿಗಿ ಇಲ್ಲ ಆಕಿಗಿ ಅಂತ ಸಿಟ್ಟು ನನಗ. ಕಲ್ಲಿನ ಸಿಟ್ಟು ಆವಾಗೇ ಹೋಗಿತ್ತು."

ಆಗ ನಾನು ಅವನಿಗೆ ಆ ಮಧ್ಯಾಹ್ನದ ಮಾತು ಹೇಳಿದೆ. ಕಲ್ಲು ಕಸ್ಕೊಳ್ಲಿಕತ್ತೀನಿ, ಅಜ್ಜನ್ನೂ ಕಸ್ಕೊಂಡ್ರ ಅವನಿಗಿ ಏನು ಉಳೀತದ ಅಂತ ವೈನಿ ಅಂದದ್ದು. ಹೊತ್ತು ನೋಡಿ ಮನೆ ಬಿಟ್ಟು ಬದುವಿನ ಮೇಲೆ ಬಂದು ಕೂಡುತ್ತಿದ್ದದ್ದು. ತಾಟು ನೋಡುತ್ತಿದ್ದದ್ದು.

"ಇದು ಗೊತ್ತಿರಲಿಲ್ಲ" ಅಂದ ಅಂವಾ. ಆಮೇಲೆ, ಸಿಟ್ಟಿಲ್ಲದೆ, ಸುಮ್ಮನೆ ಹೇಳಿದ. "ನೀವು ಹೇಳಬಹುದಿತ್ತು ಕಾಕು."

"ಹೇಳಬಹುದಿತ್ತು" ಅಂದೆ.

ಬೈಯಲಿ ಅಂತ ಕಾದೆ. ಬೈಯಲಿಲ್ಲ. ಚಹಾ ಆರಿ ಹೋಗಿತ್ತು, ಹಾಗೇ ಕುಡಿದು ಎದ್ದು ನಿಂತ. ಬಾಗಿಲಲ್ಲಿ ತಿರುಗಿ, "ದವಾಖಾನ್ಯಾಗ ಅವ್ವ ಕಡೀಕ ಏನರ ಉಂಡಿದ್ಳೇನ್ರಿ?" ಅಂತ ಕೇಳಿದ.

"ಹಿಂದಿನ ದಿನ ಸಂಜೀಕ ನಾಕು ತುತ್ತು ಹಾಲು-ಅನ್ನ ಉಂಡ್ರು. ನಾನೇ ತಿನಿಸಿದೆ."

"ಚಲೋ ಆತು" ಅಂತ ಹೇಳಿ ಅಂವಾ ಹೋದ.

ನಾನು ತಿನಿಸುವ ಹೊತ್ತಿನಲ್ಲಿ ಅಂವಾ ದವಾಖಾನೆಯ ಗೇಟಿನ ಹತ್ತಿರವೇ ಕೂತಿದ್ದ. ಆ ತುತ್ತು ಅವನ ಕೈಯಿಂದ ಹೋಗಬೇಕಾಗಿತ್ತು.